ಓದುಗರ ಪ್ರಶ್ನೆ: ಕುರಿ ಭೇಜಾ, ಆನೆ ಮೆದುಳು, ನಮ್ ತಲೆ

ಪ್ರಶ್ನೆ: ಮಟನ್ ಅಂಗಡೀಲಿ ಕುರಿ ತಲೆ ಒಡೆದು ಭೇಜಾ ತೆಗೀತಿದ್ರು, ನೋಡಿದ್ರೆ ಹೈಸ್ಕೂಲ್ ಪುಸ್ತಕದಲ್ಲಿರೋ ಮನುಷ್ಯನ ಮೆದುಳಿನ ಥರಾನೇ ಸುಕ್ಕುಸುಕ್ಕಾಗಿ ಇತ್ತು. ಹಂಗಾದ್ರೆ ವ್ಯತ್ಯಾಸ ಎಲ್ಲಿದೆ?
– ಒಬ್ಬ ಓದುಗರು, ಶಿರಾ

ಉತ್ತರ: ಕುರಿ ಬಗ್ಗೆ ಶಿರಾದೋರು ಕೇಳ್ದೆ ಇನ್ಯಾರು ಕೇಳ್ತಾರೆ! ಸುಕ್ಕು ನೋಡಿ ಮೋಸ ಹೋಗ್ಬೇಡಿ, ಡಾಲ್ಫಿನ್ ಮೆದುಳಲ್ಲಿ ನಮಗಿಂತ ಜಾಸ್ತಿ ಸುಕ್ಕಿದೆ. ಮುಂದಿನ ಸಲ ಭೇಜಾನ ಒಡೀದೆ ಇಡಿಯಾಗಿ ತೆಗೆಸ್ಕೊಂಡು ತಲೆಕೆಳಗೆ ಮಾಡಿ ನೋಡಿ. ಮುಂಭಾಗದ ಅಡೀಲಿ ದಪ್ಪಗೆ ಎರಡು ಉಬ್ಬು ಕಾಣ್ತವೆ, ವಾಸನೆ ಹಿಡಿಯೋ ಭಾಗ ಅದು, ನಮ್ಮಲ್ಲೂ ಇದೆ ಆದ್ರೆ ಮೆದುಳಿನ ಅಳತೆಗೆ ಹೋಲಿಸಿದ್ರೆ ತೀರಾ ಸಣ್ಣದು. ಆಮೇಲೆ ಹಿಂದೆ ನೋಡಿ, ಕುರೀಲಿ ಅನುಮಸ್ತಿಷ್ಕ, ಅಂದ್ರೆ ಹಿಂದಿರೋ ಚಿಕ್ಕ ಮೆದುಳು, ಮಹಾಮಸ್ತಿಷ್ಕದ (ಮೇಲಿರೋ ಸುಕ್ಕುಸುಕ್ಕು ದೊಡ್ಡ ಭಾಗ) ಹಿಂದುಗಡೆ ಬಯಲಾಗೇ ಕೂತಿರುತ್ತೆ, ಬೆನ್ನುಹುರಿ ಹಿಂದಕ್ಕೆ ಹೋಗುತ್ತೆ. ನಾವು ನೆಟ್ಟಗೆ ನಿಲ್ಲೋರು, ಬೆನ್ನುಹುರಿ ಕೆಳಕ್ಕೆ ಇಳಿಯುತ್ತೆ, ಮಹಾಮಸ್ತಿಷ್ಕ ಎಷ್ಟು ಬೆಳೆದಿದೆ ಅಂದ್ರೆ ಅನುಮಸ್ತಿಷ್ಕ ಅದರಡಿ ಮುಚ್ಚಿಹೋಗಿದೆ. ತೂಕದಲ್ಲೂ ಅಷ್ಟೇ, ಕುರೀದು ನಮ್ಮದರ ಹತ್ತನೇ ಒಂದು ಪಾಲು ಇರಬಹುದು. ಮನುಷ್ಯನದ್ದನ್ನೂ ಕಣ್ಣಾರೆ ನೋಡ್ಬೇಕು ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ.

ಪ್ರಶ್ನೆ: ನಮ್ ಕಡೆ ಕಾಡಾನೆ ಹಿಂಡು ಬಂದು ಟೊಮ್ಯಾಟೊ ರಾಗಿ ಎಲ್ಲಾ ತುಳಿದು ಹೋಗ್ತವೆ. ಆನೆ ಮೆದುಳು ನಮಗಿಂತ ದೊಡ್ಡದಂತೆ, ಮತ್ತೆ ಬುದ್ಧಿ ನಮಗ್ಯಾಕೆ ಜಾಸ್ತಿ?
– ಒಬ್ಬ ರೈತರು, ಬಂಗಾರಪೇಟೆ

ಉತ್ತರ: ಬುದ್ಧಿ ಕಮ್ಮಿ ಅಂತ ನೀವೇ ಹೇಳಂಗಿಲ್ಲ ಬಿಡಿ, ಕರೆಂಟ್ ಬೇಲಿ ಮೇಲೆ ಮರ ಬೀಳಿಸಿ ದಾಟೋ ಪ್ರಾಣಿ ಅದು. ಆದ್ರೆ ಪ್ರಶ್ನೆ ಸರಿಯಾಗೇ ಇದೆ. ನಮ್ಮ ಮೆದುಳು ಸುಮಾರು 1.3–1.4 ಕೆಜಿ, ಆನೇದು 4–5 ಕೆಜಿ. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತೆ ಅವರ ಜೊತೆಯೋರು ಮೆದುಳನ್ನ ದ್ರಾವಣದಲ್ಲಿ ಕರಗಿಸಿ ಸೂಪ್ ಮಾಡಿ, ಅದರಲ್ಲಿ ತೇಲೋ ಜೀವಕೋಶದ ನ್ಯೂಕ್ಲಿಯಸ್‌ಗಳನ್ನ ಎಣಿಸೋ ದಾರಿ ಕಂಡುಹಿಡಿದ್ರು. ಮನುಷ್ಯನಲ್ಲಿ ಸಿಕ್ಕಿದ ನರಕೋಶ ಸುಮಾರು 8,600 ಕೋಟಿ. 2014ರಲ್ಲಿ ಆಫ್ರಿಕಾ ಆನೇದು ಎಣಿಸಿದಾಗ ಬಂದಿದ್ದು 25,700 ಕೋಟಿ, ನಮ್ಮ ಮೂರರಷ್ಟು! ಆದ್ರೆ ಅದರಲ್ಲಿ ನೂರಕ್ಕೆ 98 ಪಾಲು ಅನುಮಸ್ತಿಷ್ಕದಲ್ಲೇ ಇತ್ತು, ಮೈ ಅಲುಗಾಟ ಹಿಡಿತದಲ್ಲಿ ಇಡೋ ಜಾಗ ಅದು, ಆ ಸೊಂಡಿಲು ಆಡ್ಸೋಕೇ ಅಷ್ಟು ಬೇಕೇನೋ ಅಂತ ಅವರ ಊಹೆ. ಯೋಚನೆ, ಪ್ಲಾನಿಂಗ್, ಮಾತು ಇದೆಲ್ಲಾ ನಡೆಯೋ ಮಹಾಮಸ್ತಿಷ್ಕದ ಹೊರಪದರದಲ್ಲಿ, ಅಂದ್ರೆ ಕಾರ್ಟೆಕ್ಸ್‌ನಲ್ಲಿ, ಆನೆಗೆ ಇರೋದು ಬರೀ 560 ಕೋಟಿ. ನಮಗೆ 1,600 ಕೋಟಿ, ಅದೂ ಬರೀ 2–4 ಮಿಲಿಮೀಟರ್ ದಪ್ಪದ ಪದರದಲ್ಲಿ. ನಮ್ದು ವಾನರ ಜಾತಿ ಕಣ್ರೀ, ಈ ಜಾತೀಲಿ ಮೆದುಳು ದೊಡ್ಡದಾದ್ರೂ ನರಕೋಶ ಅಷ್ಟಾಗಿ ಊದಲ್ಲ, ಹಂಗಾಗಿ ಸ್ವಲ್ಪ ಜಾಗದಲ್ಲೇ ತುಂಬಾ ಹಿಡೀತವೆ.

ಪ್ರಶ್ನೆ: ಮಗನ್ನ ಮೆಮೊರಿ ಟ್ರೈನಿಂಗ್‌ಗೆ ಸೇರ್ಸೋಕೆ ಹೋದ್ರೆ, ಮನುಷ್ಯ ಮೆದುಳನ್ನ 10 ಪರ್ಸೆಂಟ್ ಮಾತ್ರ ಬಳಸ್ತಾನೆ, ಉಳಿದಿದ್ದನ್ನ ನಾವು ಆನ್ ಮಾಡ್ತೀವಿ ಅಂದ್ರು. ನಿಜಾನಾ?
– ಒಬ್ಬ ತಾಯಿ, ಚಿಂತಾಮಣಿ

ಉತ್ತರ: ಶುದ್ಧ ಸುಳ್ಳು. ಮೆದುಳು ಮೈ ತೂಕದಲ್ಲಿ ನೂರಕ್ಕೆ 2 ಪಾಲಿದ್ರೂ ಸುಮ್ನೆ ಕೂತಾಗ್ಲೇ 20 ಪಾಲು ಶಕ್ತಿ ತಿನ್ನುತ್ತೆ, ಕೆಲಸ ಮಾಡ್ದೆ ಬಿದ್ದಿರೋ ಅಂಗಕ್ಕೆ ಯಾವ ದೇಹಾನೂ ಅಷ್ಟು ಸಾಕಲ್ಲ. ಸ್ಟ್ರೋಕ್ ಆದೋರನ್ನ ನೋಡಿರ್ತೀರಿ, ಸಣ್ಣ ಜಾಗಕ್ಕೆ ರಕ್ತ ನಿಂತ್ರೂ ಒಬ್ಬರಿಗೆ ಕೈ ಹೋಗುತ್ತೆ, ಇನ್ನೊಬ್ಬರಿಗೆ ಮಾತು ಹೋಗುತ್ತೆ. ಫೀಸ್ ಕಟ್ಬೇಡಿ, ಹುಡುಗ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗ್ಲಿ, ಓದಿದ್ದು ನೆನಪಲ್ಲಿ ಉಳಿಯೋಕೆ ನಿದ್ದೆ ಬೇಕೇ ಬೇಕು.