ಮೊದಲ ಹೆರಿಗೆ ತುಂಬಾ ಹಿಂಸೆಯಾಗಿತ್ತು. ಎರಡನೆಯದಕ್ಕೆ ನಾನೇ ಸಿಜೇರಿಯನ್ ಕೇಳಬಹುದಾ?

ಕೇಳಬಹುದು. ನಾನು ಕೇಳಿದೆ, ಡಾಕ್ಟರ್ ಒಪ್ಪಿದರು. ಆ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ.

ನೀವು ಬರೆದಿರುವುದು ಇಷ್ಟು: ಮೊದಲನೆಯದು ನಾರ್ಮಲ್ ಡೆಲಿವರಿ, ಆದರೆ ನರಕ ಕಂಡಿರಿ. ಈಗ ಮತ್ತೆ ಐದು ತಿಂಗಳ ಬಸುರಿ. ಹೆರಿಗೆ ಕೋಣೆ ನೆನೆಸಿಕೊಂಡರೆ ಕೈಕಾಲು ನಡುಗುತ್ತದೆ. ಮನೆಯಲ್ಲಿ "ಒಂದು ಸಲ ನಾರ್ಮಲ್ ಆದವಳಿಗೆ ಆಪರೇಷನ್ ಯಾಕೆ" ಅನ್ನುತ್ತಾರೆ. ಡಾಕ್ಟರ್ ಬೈದುಬಿಟ್ಟರೆ ಅಂತ ಭಯ. ನಾನು ಡಾಕ್ಟರ್ ಅಲ್ಲ, ತುಮಕೂರಿನಲ್ಲಿ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಆದರೆ ನೀವು ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಸಿಜೇರಿಯನ್ ಬೇಕು ಅಂತ ಹೇಳುವುದಕ್ಕೆ ಮುಂಚೆ ಒಂದು ಕೆಲಸ ಇದೆ. ಮೊದಲ ಹೆರಿಗೆಯಲ್ಲಿ ನಿಮ್ಮ ಮೈಗೆ ಏನೇನಾಯಿತು ಅಂತ ಕಾಗದ ನೋಡಿ ತಿಳಿದುಕೊಳ್ಳಿ. ನಮ್ಮಲ್ಲಿ ಬಹಳ ಹೆಂಗಸರಿಗೆ ಇದು ಗೊತ್ತೇ ಇರುವುದಿಲ್ಲ. "ತುಂಬಾ ಕಷ್ಟ ಆಯ್ತು, ದೇವರ ದಯೆ, ಜೀವ ಉಳೀತು" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ನನಗೂ ಹಾಗೇ ಆಗಿತ್ತು. ಮೊದಲ ಹೆರಿಗೆಗೆ ತವರಿಗೆ ಹೋಗಿದ್ದೆ. ದಿನ ಮೀರಿದೆ ಅಂತ ನೋವು ಬರುವ ಡ್ರಿಪ್ ಹಾಕಿದರು. ರಾತ್ರಿಯೆಲ್ಲಾ ನೋವು. ಅಮ್ಮನನ್ನು ಒಳಗೆ ಬಿಡಲಿಲ್ಲ. ಕೊನೆಗೆ ಒಬ್ಬರು ಸ್ಟೂಲ್ ಹತ್ತಿ ಮೇಲಿನಿಂದ ಹೊಟ್ಟೆ ಒತ್ತಿದರು, ಇನ್ನೊಬ್ಬರು ಫೋರ್ಸೆಪ್ಸ್ ಹಾಕಿ ಮಗು ಎಳೆದರು. ಮಗು ಅಳಲಿಲ್ಲ. ಎತ್ತಿಕೊಂಡು ಓಡಿದರು. ಬದುಕಿದೆಯಾ ಅಂತ ಕೇಳಿದೆ, ಯಾರೂ ಬಾಯಿ ಬಿಡಲಿಲ್ಲ. ನನಗೆ ರಕ್ತ ನಿಲ್ಲುತ್ತಿರಲಿಲ್ಲ. ಥಿಯೇಟರ್‌ಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿದರು. ಅಲ್ಲಿ ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಹೆರಿಗೆ ವಾರ್ಡ್ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಬದುಕಿದಳು, ಚೆನ್ನಾಗಿಯೇ ಬೆಳೆದಳು. ನನಗೆ ಮಾತ್ರ ಹೊಟ್ಟೆಯ ಗಾಳಿ ತಡೆದು ಹಿಡಿಯೋಕೆ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮಧ್ಯೆ ಕೂರೋಕೆ ಅಂಜಿಕೆ. ಬಸ್ಸು ಆ ಆಸ್ಪತ್ರೆ ಮುಂದೆ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಫಿನಾಯಿಲ್ ವಾಸನೆ ಬಂದರೆ ಬೆವರು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಮಗು ಚೆನ್ನಾಗಿದೆಯಲ್ಲ, ಇನ್ನೇನು ಬಿಡು."

ಎರಡನೇ ಸಲ ಬಸುರಿಯಾದಾಗ ತುಮಕೂರಿನ ಡಾಕ್ಟರ್ ಹಳೆ ಡಿಸ್ಚಾರ್ಜ್ ಚೀಟಿ ಕೇಳಿದರು. ಅದರಲ್ಲಿ ಒಂದು ಸಾಲಿನಲ್ಲಿ ಬರೆದಿತ್ತು, ಥರ್ಡ್ ಡಿಗ್ರಿ ಟೇರ್ ಅಂತ. ಅಂದರೆ ಹರಿದಿದ್ದು ಮಲವನ್ನು ಹಿಡಿದಿಟ್ಟುಕೊಳ್ಳುವ ಸ್ನಾಯುವಿನವರೆಗೂ ಹೋಗಿತ್ತು. ಬಾಣಂತನ ಸರಿಯಾಗಲಿಲ್ಲ, ಅದಕ್ಕೆ ಹೀಗೆ ಅಂತ ಅಷ್ಟು ವರ್ಷ ಅಂದುಕೊಂಡಿದ್ದೆ. ಯಾರಾದರೂ ಒಬ್ಬರು ಆಗಲೇ ಹೇಳಿದ್ದರೆ ಚಿಕಿತ್ಸೆಗೆ ಹೋಗುತ್ತಿದ್ದೆ, ಅಲ್ವಾ? ಇವತ್ತಿಗೂ ಅದು ನನಗೆ ಸಿಟ್ಟು ತರಿಸುತ್ತದೆ.

ಹಾಗಾಗಿ ನಿಮ್ಮ ಕಾಗದ ಹುಡುಕಿ. ಸಿಗದಿದ್ದರೆ ಆ ಆಸ್ಪತ್ರೆಗೆ ಅರ್ಜಿ ಬರೆದು ಕೇಳಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೊದಲ ಮಗುವಿಗೆ ಮೂರು ತುಂಬುತ್ತಾ ಬಂದಿದ್ದರೆ ತಡ ಮಾಡಬೇಡಿ. ಅದರಲ್ಲಿ ನೋಡಬೇಕಾದದ್ದು: ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಹಾಕಿದರಾ, ಹರಿದದ್ದು ಎಷ್ಟನೇ ಡಿಗ್ರಿ, ರಕ್ತ ಎಷ್ಟು ಹೋಯಿತು, ಮಗುವಿನ ಭುಜ ಸಿಕ್ಕಿಕೊಂಡಿತ್ತಾ, ಮಗುವಿನ ತೂಕ. ಇದನ್ನು ತಾಯಿ ಕಾರ್ಡ್ ಜೊತೆ ಇಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಿ. "ಭಯ ಆಗುತ್ತೆ" ಅಂತ ಬರಿಗೈಯಲ್ಲಿ ಹೇಳುವುದಕ್ಕೂ, "ಹೋದ ಸಲ ಹೀಗಾಯಿತು, ಮತ್ತೆ ಆಗುವ ಸಾಧ್ಯತೆ ಎಷ್ಟು" ಅಂತ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮನ್ನು ಗದರಿಸುವುದು ಅವರಿಗೂ ಕಷ್ಟವಾಗುತ್ತದೆ.

ಬ್ರಿಟನ್ನಿನ ವೈದ್ಯರ ಮಾರ್ಗಸೂಚಿಗಳನ್ನು ಓದಿದ್ದು ನನಗೆ ಧೈರ್ಯ ಕೊಟ್ಟಿತು. ನನ್ನಂತೆ ಹರಿದು, ಆಮೇಲೂ ತೊಂದರೆ ಉಳಿದವರಿಗೆ ಸಿಜೇರಿಯನ್ ಬಗ್ಗೆ ತಿಳಿಸಿ ಹೇಳಬೇಕು ಅಂತ ಅಲ್ಲಿನ ಹೆರಿಗೆ ತಜ್ಞರ ರಾಯಲ್ ಕಾಲೇಜು ಹೇಳುತ್ತದೆ. ಯಾವ ಕಾಯಿಲೆಗೆ ಏನು ಚಿಕಿತ್ಸೆ ಅಂತ ಮಾರ್ಗಸೂಚಿ ಬರೆಯುವ ಅಲ್ಲಿನ ನೈಸ್ ಸಂಸ್ಥೆ ಇನ್ನೂ ಮುಂದೆ ಹೋಗುತ್ತದೆ. ಹೆರಿಗೆಯ ಭಯ ಜಾಸ್ತಿ ಇರುವವರಿಗೆ ಮೊದಲು ಮನಸ್ಸಿನ ಚಿಕಿತ್ಸೆಯ ಸಹಾಯ ಕೊಡಬೇಕು, ಎಲ್ಲ ಮಾತಾಡಿದ ಮೇಲೂ ಆಕೆಗೆ ನಾರ್ಮಲ್ ಬೇಡ ಅನಿಸಿದರೆ ಸಿಜೇರಿಯನ್ ಕೊಡಬೇಕು ಅನ್ನುತ್ತದೆ. ಇದು ಅವರ ದೇಶದ ಮಾತು, ನಮ್ಮ ಡಾಕ್ಟರ್‌ಗಳು ಹಾಗೇ ನಡೆಯಬೇಕು ಅಂತಿಲ್ಲ. ಆದರೂ ಭಯವೂ ಒಂದು ಕಾರಣವೇ ಅಂತ ದೊಡ್ಡ ದೊಡ್ಡ ಡಾಕ್ಟರ್‌ಗಳು ಬರೆದಿಟ್ಟಿದ್ದಾರೆ ಅನ್ನುವುದು ನಿಮಗೆ ಗೊತ್ತಿರಲಿ.

ನಮ್ಮ ಕಡೆ ಪರಿಸ್ಥಿತಿ ಬೇರೆ ಥರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4 ಹೆರಿಗೆ ಸಿಜೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಸರ್ಕಾರಿ ಆಸ್ಪತ್ರೆಯಲ್ಲಿ ಕಾರಣ ಕೇಳುತ್ತಾರೆ, ಕೇಳಬೇಕಾದದ್ದೇ. ಅಲ್ಲಿ ಒಪ್ಪಿದರೆ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸಿಜೇರಿಯನ್ ಕೂಡ ಉಚಿತ. ಖಾಸಗಿಯಲ್ಲಿ ಕೆಲವೊಮ್ಮೆ ಕೇಳುವ ಮುಂಚೆಯೇ "ಮಾಡೋಣ" ಅನ್ನುತ್ತಾರೆ. ಹಳೆ ಫೈಲ್ ತೆರೆಯದೆ ಹೂಂ ಅಂದ ಡಾಕ್ಟರ್ ಕೂಡ ನಿಮ್ಮ ಮಾತು ಕೇಳಿಸಿಕೊಂಡಿಲ್ಲ ಅಂತಲೇ ಅರ್ಥ. ನನ್ನ ಡಾಕ್ಟರ್ ತಕ್ಷಣ ಒಪ್ಪಲಿಲ್ಲ. ಎರಡನೇ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ ಅಂದರು. ಅದು ನಿಜ. ಒಳ್ಳೆ ಡಾಕ್ಟರ್, ಜೊತೆಗೊಬ್ಬರು ಹೆಂಗಸು, ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಸಿಕ್ಕರೆ ನಾರ್ಮಲ್ ಆಗಿಯೇ ಸಮಾಧಾನ ಪಟ್ಟವರು ಇದ್ದಾರೆ. ಹೆರಿಗೆ ಸಮಯದಲ್ಲಿ ಜೊತೆಗೊಬ್ಬರು ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸೋಕೆ ಅಂತ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮವೂ ಹೇಳುತ್ತದೆ. ಹೊಟ್ಟೆ ಒತ್ತಬಾರದು ಅಂತಲೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಿಮ್ಮ ಮೈಗೆ ಹಾನಿ ಕಡಿಮೆ ಆಗಿದ್ದು, ನಿಮ್ಮನ್ನು ನಡೆಸಿಕೊಂಡ ರೀತಿಯೇ ಜಾಸ್ತಿ ನೋಯಿಸಿದ್ದರೆ, ಈ ದಾರಿಯನ್ನೂ ಒಂದು ಸಲ ಯೋಚಿಸಿ. ನನಗೆ ಆ ಸ್ನಾಯು ಮತ್ತೆ ಹರಿದರೆ ಅನ್ನುವ ಪ್ರಶ್ನೆ ಇತ್ತು. ಒಳಗಿನ ಪರೀಕ್ಷೆ ಅಂದರೆ ಮೈ ಮರಗಟ್ಟುತ್ತಿತ್ತು. ಅದಕ್ಕೇ ಸಿಜೇರಿಯನ್ ಅಂತ ತೀರ್ಮಾನಿಸಿದೆ.

ಅದರ ಅಪಾಯಗಳನ್ನು ಮುಚ್ಚಿಡುವುದಿಲ್ಲ. ಅದು ದೊಡ್ಡ ಆಪರೇಷನ್. ರಕ್ತ ಹೋಗಬಹುದು, ಗಾಯಕ್ಕೆ ಸೋಂಕಾಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಖ್ಯವಾದದ್ದು ಮುಂದಿನ ಬಸಿರಿನದು. ಸಿಜೇರಿಯನ್ ಆದ ಜಾಗದಲ್ಲಿ ಮಾಸು ಅಂಟಿಕೊಂಡು ಬಿಡದೇ ಇರುವ ತೊಂದರೆ ಒಂದಿದೆ, ಅದರಲ್ಲಿ ವಿಪರೀತ ರಕ್ತ ಹೋಗುತ್ತದೆ. ಒಂದು ಸಿಜೇರಿಯನ್ ಆದವರಿಗೆ ಅದು ಅಪರೂಪ. ಎರಡು, ಮೂರು ಅಂತ ಆಗುತ್ತಾ ಹೋದಂತೆ ಜಾಸ್ತಿ ಆಗುತ್ತದೆ. ಇನ್ನೂ ಇಬ್ಬರು ಮೂವರು ಮಕ್ಕಳು ಬೇಕು ಅನ್ನುವ ಆಸೆ ಇದ್ದರೆ ಇದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ. ನಮಗೆ ಇಬ್ಬರೇ ಸಾಕಿತ್ತು, ಹಾಗಾಗಿ ತೀರ್ಮಾನ ಸುಲಭವಾಯಿತು.

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಹೆರಿಗೆ ಆದ ಮೇಲೆ ಅದೇ ದೃಶ್ಯ ಕಣ್ಣ ಮುಂದೆ ಬರುವುದು, ಕೆಟ್ಟ ಕನಸು, ಆ ಜಾಗದ ಹತ್ತಿರ ಹೋಗೋಕೆ ಆಗದಿರುವುದು ಒಂದು ಕಾಯಿಲೆಯ ಲಕ್ಷಣ. ಯುದ್ಧ, ಅಪಘಾತ ಕಂಡವರಿಗೆ ಆಗುವಂಥದ್ದೇ. ಅದಕ್ಕೆ ಔಷಧಿ ಇಲ್ಲದೆ, ಮಾತಿನ ಮೂಲಕವೇ ಕೊಡುವ ಚಿಕಿತ್ಸೆ ಇದೆ. ಸಿಜೇರಿಯನ್ ನಿಗದಿಯಾದರೆ ಭಯ ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ. ಥಿಯೇಟರ್ ದೀಪ ನೆನೆದರೂ ನಡುಕ ಬರುತ್ತಿತ್ತು, ಹೊಲಿಗೆ ಹಾಕಿದ್ದು ಅಂಥದ್ದೇ ದೀಪದ ಕೆಳಗೆ ತಾನೆ. ಕೌನ್ಸೆಲರ್ ಹತ್ತಿರ ಹೋಗಿದ್ದು ಬಹಳ ಅನುಕೂಲವಾಯಿತು. ನೀವು 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿಗೆ ಹೋಗೋಕೆ ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ತೊಂದರೆ ನೋಡುವವರೇ ಇದ್ದಾರೆ. ತುಮಕೂರಿನಿಂದ 70 ಕಿಲೋಮೀಟರ್, ಬೆಳಗಿನ ರೈಲಿಗೆ ಹೋದರೆ ಸಂಜೆಗೆ ಮನೆ. ಹುಚ್ಚಾಸ್ಪತ್ರೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ದಿನಾಂಕ. ಬೇರೆ ತೊಂದರೆ ಇಲ್ಲದಿದ್ದರೆ ಸಿಜೇರಿಯನ್ 39 ವಾರ ತುಂಬಿದ ಮೇಲೆ ಮಾಡುವುದು ಒಳ್ಳೆಯದು. ಅದಕ್ಕೆ ಮುಂಚೆ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಆಗುವ ಸಾಧ್ಯತೆ ಜಾಸ್ತಿ. ಆಪರೇಷನ್ ಬೇಡವೇ ಬೇಡ ಅಂತಿದ್ದ ನಮ್ಮ ಮನೆಯವರು, ಒಪ್ಪಿದ ಮಾರನೇ ದಿನವೇ ಜೋಯಿಸರ ಹತ್ತಿರ ಹೋಗಿ ನಕ್ಷತ್ರ ನೋಡಿಸಿಕೊಂಡು ಬಂದರು. ಆ ದಿನಕ್ಕೆ 37 ವಾರ ಆಗಿತ್ತು ಅಷ್ಟೇ. ಡಾಕ್ಟರ್ ಆಗಲ್ಲ ಅಂದರು. 39 ತುಂಬಿದ ಮೇಲೆ ತಮಗೆ ಅನುಕೂಲವಾಗುವ ಎರಡು ಮೂರು ದಿನ ಹೇಳಿ, ಇದರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ ಅಂದರು. ಅತ್ತೆಗೂ ಸಮಾಧಾನವಾಯಿತು. ನೀವೂ ಹೀಗೇ ಮಾಡಿ, ಜಗಳ ತಪ್ಪುತ್ತದೆ. ದಿನಾಂಕಕ್ಕೆ ಮುಂಚೆಯೇ ನೋವು ಬಂದರೆ ಏನು ಮಾಡಬೇಕು, ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರ್ ಇರುತ್ತಾರಾ ಅಂತಲೂ ಕೇಳಿಟ್ಟುಕೊಳ್ಳಿ. ನೀವು ಪಾವಗಡದಂಥ ದೂರದ ಕಡೆಯವರಾದರೆ ಕೊನೆಯ ವಾರಗಳಲ್ಲಿ ಆಸ್ಪತ್ರೆಗೆ ಹತ್ತಿರ ಇರುವ ನೆಂಟರ ಮನೆಯಲ್ಲಿ ಇದ್ದುಬಿಡಿ.

ಮೊದಲ ಸಲ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಮುರಿದದ್ದು ನೋವಲ್ಲ, ಯಾರೂ ಏನೂ ಹೇಳದೇ ಇದ್ದದ್ದು. ಅದು ಥಿಯೇಟರ್‌ನಲ್ಲೂ ಆಗಬಹುದು. ಅದಕ್ಕೆ ಮುಂಚೆಯೇ ಕೆಲವು ಕೇಳಿಕೊಂಡೆ. ಥಿಯೇಟರ್ ಒಮ್ಮೆ ತೋರಿಸಿ ಅಂದೆ, ಬಾಗಿಲಿನಿಂದ ತೋರಿಸಿದರು. ಮಾಡುವುದನ್ನು ಮಾಡುತ್ತಾ ಬಾಯಲ್ಲಿ ಹೇಳಿ ಅಂತ ಅರಿವಳಿಕೆ ಡಾಕ್ಟರ್‌ಗೆ ಹೇಳಿದೆ. ಮಗು ಹೊರಬಂದ ತಕ್ಷಣ ಹೇಗಿದೆ ಅಂತ ನನಗೆ ಹೇಳಬೇಕು, ಕೆಟ್ಟದಾಗಿದ್ದರೂ ಹೇಳಬೇಕು ಅಂದೆ. ನಮ್ಮ ಮನೆಯವರನ್ನು ಒಳಗೆ ಬಿಡಲಿಲ್ಲ, ಆದರೆ ಒಬ್ಬರು ಸಿಸ್ಟರ್ ತಲೆಯ ಹತ್ತಿರವೇ ನಿಂತಿದ್ದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಎಚ್ಚರ ಇರುತ್ತದೆ, ನೋವಿರುವುದಿಲ್ಲ, ಒಳಗೆ ಎಳೆದಾಡುವುದು ಗೊತ್ತಾಗುತ್ತದೆ. ಚಳಿ ಹತ್ತಿದ ಹಾಗೆ ನಡುಗಿದೆ, ಅದು ಮಾಮೂಲು ಅಂದರು. ಮಗು ಬೇಗ ಹೊರಗೆ ಬರುತ್ತದೆ, ಹೊಲಿಯುವುದಕ್ಕೇ ಜಾಸ್ತಿ ಹೊತ್ತು. ಅತ್ತ ಸದ್ದು ಕೇಳಿಸಿತು. ಸಿಸ್ಟರ್ "ಗಂಡು ಮಗು, ಚೆನ್ನಾಗಿದಾನೆ, ಇಲ್ಲಿ ನೋಡಮ್ಮ" ಅಂದರು. ಆಗ ಅತ್ತಿದ್ದು ಇವನಿಗೋಸ್ಕರ ಎಷ್ಟೋ, ಮಗಳ ಹೆರಿಗೆಯಲ್ಲಿ ಈ ಒಂದು ಮಾತು ಸಿಗಲಿಲ್ಲವಲ್ಲ ಅಂತಲೂ ಅಷ್ಟೇ.

ಆಮೇಲಿನ ದಿನಗಳು ಸುಲಭ ಅಂತ ಹೇಳಲಾರೆ. ಮೊದಲ ಸಲ ಎದ್ದು ನಿಂತಾಗ ಹೊಟ್ಟೆ ಕಿತ್ತು ಬಂದ ಹಾಗಾಯಿತು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಮಗಳು ಎತ್ತಿಕೋ ಅಂತ ಅಳುತ್ತಿದ್ದಳು, ಎತ್ತುವ ಹಾಗಿರಲಿಲ್ಲ. ಸುಮಾರು ಆರು ವಾರ ಭಾರ ಎತ್ತಬಾರದು, ದೊಡ್ಡ ಮಗುವನ್ನು ನೋಡಿಕೊಳ್ಳೋಕೆ ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಬಾಣಂತನದಲ್ಲಿ ಅಮ್ಮನ ಜೊತೆ ಸ್ವಲ್ಪ ಮಾತಿಗೆ ಮಾತಾಯಿತು. ನೀರು ಕಡಿಮೆ ಕುಡಿ ಅನ್ನುತ್ತಿದ್ದರು. ಬಾಣಂತಿಗೆ ನೀರು ಕೊಡಬೇಡಿ ಅಂದವರ ಮಾತು ಕೇಳಬೇಡಿ, ಚೆನ್ನಾಗಿ ನೀರು ಕುಡಿಯಿರಿ, ಮಲ ಗಟ್ಟಿಯಾದರೆ ಹೊಲಿಗೆಗೆ ಕಷ್ಟ. ಎಣ್ಣೆ ನೀರು, ಹೊಟ್ಟೆಗೆ ಬಟ್ಟೆ ಕಟ್ಟುವುದು ಎಲ್ಲ ಡಾಕ್ಟರ್ ಗಾಯ ನೋಡಿ ಸರಿ ಅಂದ ಮೇಲೆ. ಇಷ್ಟೆಲ್ಲಾ ಇದ್ದರೂ ನಾನು ಕುರ್ಚಿ ಮೇಲೆ ಕೂತು ಮಗುವಿಗೆ ಹಾಲು ಕೊಟ್ಟೆ. ಮೊದಲ ಸಲ ಕೂರೋಕೇ ಆಗಿರಲಿಲ್ಲ.

ಅತ್ತೆಗೆ ಹೇಗೆ ಹೇಳಲಿ ಅಂತ ನೀವು ಕೇಳಿದ್ದೀರಿ. ನೀವೇ ಹೇಳಬೇಡಿ. ಗಂಡನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಹಳೆ ಚೀಟಿಯಲ್ಲಿ ಏನಿದೆ ಅಂತ ಡಾಕ್ಟರ್ ಬಾಯಲ್ಲೇ ಅವರು ಕೇಳಲಿ. ಮನೆಯಲ್ಲಿ ಹೇಳುವ ಕೆಲಸ ಅವರದು. ನಮ್ಮ ಮನೆಯವರು ಆ ದಿನ ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ, ಮನೆಗೆ ಬಂದು ಅವರಮ್ಮನಿಗೆ ಎಲ್ಲ ಬಿಡಿಸಿ ಹೇಳಿದರು.

ಇನ್ನೊಂದು. "ಹೇಗೂ ಹೊಟ್ಟೆ ಕುಯ್ಯುತ್ತಾರೆ, ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮಾಡಿಸಿಬಿಡು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಕೋ ಬೇಡವೋ ಅದು ನಿಮ್ಮಿಬ್ಬರಿಗೆ ಬಿಟ್ಟದ್ದು, ಆದರೆ ಎಂಟನೇ ತಿಂಗಳಲ್ಲೇ ತೀರ್ಮಾನ ಮಾಡಿ ಡಾಕ್ಟರ್‌ಗೆ ತಿಳಿಸಿ. ಥಿಯೇಟರ್ ಬಾಗಿಲಲ್ಲಿ ಕೇಳಿದಾಗ ಯೋಚಿಸೋಕೆ ಆಗುವುದಿಲ್ಲ. ಅದಕ್ಕೆ ಬೇರೆ ಒಪ್ಪಿಗೆ ಪತ್ರ ಇರುತ್ತದೆ. ಓದದೆ ಸಹಿ ಹಾಕಬೇಡಿ.