ಪ್ರಾರ್ಥನೆ ನಡೆಸಲಾರೆ, ಅಪ್ಪನನ್ನು ಮರೆಯಲಾರೆ

(ಕುಟುಂಬದ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ತಂದೆ ತೀರಿಹೋಗಿ ಒಂಬತ್ತು ತಿಂಗಳಾದ ಮೇಲೆ ಹಿರಿಯ ಮಗ ನನ್ನ ಬಳಿಗೆ ಬಂದರು. ವಯಸ್ಸು ನಲವತ್ತೈದರ ಆಸುಪಾಸು, ಮದುವೆಯಾಗಿದೆ, ಇಬ್ಬರು ಮಕ್ಕಳು. ವರ್ಷದ ಸ್ಮರಣಾರಾಧನೆಯಲ್ಲಿ ತಂದೆಯ ಬಗ್ಗೆ ಹತ್ತು ನಿಮಿಷ ಮಾತನಾಡಬೇಕು, ಒಂದು ಸಾಲೂ ಬರೆಯಲಾಗುತ್ತಿಲ್ಲ ಎಂದರು. ಭಾಷಣ ಬರೆಯಲು ಬಾರದವರು ಸ್ನೇಹಿತರನ್ನು ಕೇಳುತ್ತಾರೆ, ಆಪ್ತಸಲಹೆಗಾರರನ್ನು ಹುಡುಕಿಕೊಂಡು ಬರುವುದಿಲ್ಲ. ಹಾಗಾಗಿ ನಾನು ಸುಮ್ಮನೆ ಕಾದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಮಾತು ಬಂತು. ಮನೆಯಲ್ಲಿ ಪ್ರತಿ ರಾತ್ರಿ ಕುಟುಂಬ ಪ್ರಾರ್ಥನೆ ನಡೆಸುತ್ತಿದ್ದವರು ತಂದೆ. ಈಗ ತಾಯಿ, ‘ಇನ್ನು ಮುಂದೆ ನೀನೇ ನಡೆಸಬೇಕು’ ಎನ್ನುತ್ತಿದ್ದಾರೆ. ಮಗನಿಗೆ ದೇವರಲ್ಲಿ ನಂಬಿಕೆ ಹೋಗಿ ಹದಿನೈದು ವರ್ಷಗಳಾಗಿವೆ.

ತಂದೆ ಎಂಥವರಾಗಿದ್ದರು ಎಂದು ಕೇಳಿದಾಗ ಮೊದಲು ಸಿಕ್ಕಿದ್ದು ಚರ್ಚಿನ ಶ್ರದ್ಧಾಂಜಲಿಯಲ್ಲಿ ಬರುವಂಥ ಮಾತುಗಳೇ: ದೈವಭಕ್ತ, ಸಾತ್ವಿಕ, ಆದರ್ಶ ತಂದೆ. ಅವನ್ನು ಬದಿಗಿಟ್ಟು, ಶನಿವಾರ ರಾತ್ರಿ ಅವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದೆ. ಮಗನ ಮುಖ ಬದಲಾಯಿತು. ಮರುದಿನದ ಆರಾಧನೆಗಾಗಿ ಮನೆಯವರೆಲ್ಲರ ಚಪ್ಪಲಿ, ಬೂಟುಗಳನ್ನು ಸಾಲಾಗಿ ಇಟ್ಟುಕೊಂಡು ಒರೆಸಿ ಪಾಲಿಶ್ ಮಾಡುತ್ತಿದ್ದರಂತೆ. ಬೆಳಿಗ್ಗೆ ಐದಕ್ಕೆ ಎದ್ದು ಸತ್ಯವೇದದ, ಅಂದರೆ ಬೈಬಲಿನ, ಒಂದು ಅಧ್ಯಾಯ ಓದುತ್ತಿದ್ದರು, ಮಕ್ಕಳ ನಿದ್ದೆ ಕೆಡದಂತೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ, ಚರ್ಚಿನ ಸಭೆಯಲ್ಲಿ ಖಜಾಂಚಿ, ಭಾನುವಾರ ಶಾಲೆಯ ಶಿಕ್ಷಕ. ಹೆಂಡತಿಗೆ ಶಸ್ತ್ರಚಿಕಿತ್ಸೆಯಾದಾಗ ಅಡುಗೆ ಕಲಿತರು, ಮಗಳ ಜಡೆ ಹೆಣೆಯುವುದನ್ನೂ ಕಲಿತರು. ಜಡೆ ಕೊನೆಯವರೆಗೂ ಸೊಟ್ಟಗೇ ಬರುತ್ತಿತ್ತು. ಸಭೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ಉಪದೇಶವಿಲ್ಲ. ರೋಗಿ ಕೇಳಿದರೆ ಒಂದು ಕೀರ್ತನೆ, ಕೇಳದಿದ್ದರೆ ಅಂದಿನ ದಿನಪತ್ರಿಕೆ ಓದಿ ಹೇಳುತ್ತಿದ್ದರು. ಈ ಕೊನೆಯ ವಿವರ ನನಗೆ ಬಹಳ ಹಿಡಿಸಿತು. ವೃತ್ತಿಯಲ್ಲಿರುವ ನಮ್ಮಲ್ಲೇ ಎಷ್ಟೋ ಜನರಿಗೆ ಹಾಗೆ ಕುಳಿತುಕೊಳ್ಳಲು ಬರುವುದಿಲ್ಲ.

ದೋಷಗಳೂ ಇದ್ದವು. ಆರಾಧನೆಗೆ ಹೊರಡುವುದು ಐದು ನಿಮಿಷ ತಡವಾದರೆ ಬಿಟ್ಟು ಹೋಗುತ್ತಿದ್ದರು, ಹೆಂಡತಿಯಾದರೂ ಸರಿ. ಸಂಬಳದ ದಿನ ದಶಮಾಂಶವನ್ನು, ಅಂದರೆ ದೇವರಿಗೆಂದು ಎತ್ತಿಡುವ ಹತ್ತನೆಯ ಒಂದು ಪಾಲನ್ನು, ಲಕೋಟೆಗೆ ಹಾಕಿಟ್ಟ ಮೇಲೆ ಆಕಾಶ ಬಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ಮಗಳ ಕಾಲೇಜು ಶುಲ್ಕಕ್ಕೆ ಕಡೆಯ ದಿನ ಬಂದಾಗಲೂ ಲಕೋಟೆ ಅಲ್ಲೇ ಉಳಿಯಿತು. ಸಹೋದ್ಯೋಗಿಯಿಂದ ಸಾಲ ತಂದರು. ತಂಗಿ ಇದನ್ನು ಇಂದಿಗೂ ಮರೆತಿಲ್ಲ.

ಮೊದಲ ಭೇಟಿಗಳಲ್ಲಿ ನಾನು ನೋಡಬೇಕಿದ್ದದ್ದು ಬೇರೆ. ಮಗನ ನಿದ್ದೆ, ಊಟ, ಕೆಲಸ ಹೇಗಿವೆ, ಬದುಕೇ ಬೇಡವೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಗಂಡ ‘ಇನ್ನೂ ಕೋಪದ ಹಂತದಲ್ಲೇ ಇದ್ದಾರೆ’ ಎಂದು ಅವರ ಹೆಂಡತಿ ಮೊಬೈಲಿನಲ್ಲಿ ಓದಿ ತೀರ್ಮಾನಿಸಿದ್ದರು. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಹೇಳಿದ, ಕೋಪವೂ ಒಂದಾಗಿರುವ ಆ ಐದು ಹಂತಗಳು ಮೂಲತಃ ಸಾವನ್ನು ಎದುರಿಸುತ್ತಿದ್ದ ರೋಗಿಗಳೊಂದಿಗೆ ಮಾತನಾಡಿ ಕಂಡುಕೊಂಡವು. ಉಳಿದವರ ದುಃಖ ಮೆಟ್ಟಿಲು ಏರಿದಂತೆ ಸಾಗಬೇಕೆಂಬ ನಿಯಮವಿಲ್ಲ. ದೀರ್ಘಕಾಲೀನ ಶೋಕ ಎಂಬ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕನಿಷ್ಠ ಆರು ತಿಂಗಳ ಅವಧಿಯನ್ನು ಹೇಳುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ವಯಸ್ಕರಿಗೆ ಒಂದು ವರ್ಷ ಎನ್ನುತ್ತದೆ. ಒಂಬತ್ತು ತಿಂಗಳ ಈ ದುಃಖ ಒಂದರ ಗಡಿ ದಾಟಿದೆ, ಇನ್ನೊಂದರದ್ದು ದಾಟಿಲ್ಲ. ಅವಧಿಯೊಂದೇ ಸಾಲದು, ತೀವ್ರ ಹಂಬಲ ದಿನದಿನವೂ ಕಾಡಿ ಬದುಕು ನಡೆಯದಂತಾಗಿರಬೇಕು. ಇವರು ಕೆಲಸಕ್ಕೆ ಹೋಗುತ್ತಿದ್ದರು, ಮಕ್ಕಳ ಜೊತೆ ನಗುತ್ತಿದ್ದರು, ಪ್ರಾರ್ಥನೆಯ ಹೊತ್ತಿಗೆ ಮಾತ್ರ ಮನೆಯಿಂದ ಹೊರಗೆ ಹೋಗುತ್ತಿದ್ದರು. ಇದು ಕಾಯಿಲೆಯಲ್ಲ, ಎಲ್ಲೋ ಒಂದು ಗಂಟು ಬಿದ್ದಿದೆ ಎನಿಸಿತು.

ಆ ಗಂಟು ಒಂದು ಟಿಪ್ಪಣಿ ಪುಸ್ತಕದಲ್ಲಿತ್ತು.

ತಂದೆ ಪ್ರಾರ್ಥನೆಯ ವಿಷಯಗಳನ್ನು ಬರೆದಿಡುತ್ತಿದ್ದರು. ಎಡಕ್ಕೆ ತಾರೀಖು, ನಡುವೆ ಹೆಸರು ಮತ್ತು ಬೇಡಿಕೆ, ಬಲಕ್ಕೆ ಖಾಲಿ ಜಾಗ. ಬೇಡಿಕೆ ಈಡೇರಿದಾಗ ಅಲ್ಲಿ ಸರಿ ಗುರುತು ಬೀಳುತ್ತಿತ್ತು. ಲೆಕ್ಕ ಬರೆದು ಬದುಕಿದ ಮನುಷ್ಯ ದೇವರೊಂದಿಗೂ ಲೆಕ್ಕವಿಟ್ಟಿದ್ದರು. ಸಮಾಧಿ ಕಾರ್ಯ ಮುಗಿದ ವಾರದಲ್ಲಿ ಮಗನ ಕೈಗೆ ಈ ಪುಸ್ತಕಗಳು ಸಿಕ್ಕವು. ಕಳೆದ ಹದಿನೈದು ವರ್ಷಗಳಲ್ಲಿ ಪ್ರತಿ ಹೊಸ ವರ್ಷದ ಪುಸ್ತಕದ ಮೊದಲ ಪುಟದಲ್ಲಿ ‘ಹಿರಿಯವನು ತಿರುಗಿ ಬರಲಿ’ ಎಂದಿತ್ತು. ಯಾವ ವರ್ಷವೂ ಅದರ ಎದುರು ಗುರುತು ಬಿದ್ದಿರಲಿಲ್ಲ.

ಮೂವತ್ತನೆಯ ವಯಸ್ಸಿನಲ್ಲಿ ಮಗ, ಇನ್ನು ಚರ್ಚಿಗೆ ಬರುವುದಿಲ್ಲ ಎಂದಾಗ ತಂದೆ ಕೇಳಿದ್ದು ಒಂದೇ ಪ್ರಶ್ನೆ: ‘ಯೋಚಿಸಿ ಹೇಳುತ್ತಿದ್ದೀಯಾ?’ ಹೌದು ಎಂದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಪ್ಪ ಒಪ್ಪಿಕೊಂಡರು ಎಂದು ಮಗ ಹದಿನೈದು ವರ್ಷ ನಂಬಿದ್ದರು. ಪುಸ್ತಕ ಆ ನೆಮ್ಮದಿಯನ್ನು ಕಿತ್ತುಕೊಂಡಿತು. ‘ಅಪ್ಪನ ಪಾಲಿಗೆ ನಾನು ಉತ್ತರ ಸಿಗದ ಪ್ರಾರ್ಥನೆ. ಅಂಥವನು ಎದ್ದು ನಿಂತು ಅವರ ಬಗ್ಗೆ ಏನು ಮಾತನಾಡಲಿ?’

ಇಲ್ಲಿ ಸಮಾಧಾನ ಹೇಳುವುದು ಸುಲಭ. ‘ನಿಮ್ಮ ತಂದೆ ನಿಮ್ಮನ್ನು ಒಪ್ಪಿಕೊಂಡಿದ್ದರು’ ಎನ್ನಬಹುದಿತ್ತು. ಆದರೆ ಅದು ಸುಳ್ಳು. ಅವರಿಗೆ ನೋವಿತ್ತು, ಬರೆದಿಟ್ಟಿದ್ದಾರೆ. ಪುಸ್ತಕಗಳನ್ನು ತನ್ನಿ, ನಿಮ್ಮ ಹೆಸರು ಬಂದಲ್ಲೆಲ್ಲ ಓದೋಣ ಎಂದೆ. ಮೊದಲ ಪುಟವೇ ಮನಸ್ಸನ್ನು ಸುಟ್ಟಿದ್ದರಿಂದ ಉಳಿದ ಪುಟಗಳನ್ನು ಅವರು ತಿರುವಿರಲಿಲ್ಲ. ಗಣಿತ ಪರೀಕ್ಷೆ, ಸೈಕಲ್‌ನಿಂದ ಬಿದ್ದ ಮೊಣಕಾಲು, ಮೊದಲ ಕೆಲಸ, ಹೆಂಡತಿಯ ಹೆರಿಗೆ, ಒಂದು ವರ್ಷ ಗಂಡ ಹೆಂಡತಿಯ ನಡುವೆ ಬಿಗಿದುಕೊಂಡಿದ್ದ ಮೌನ. ಮೌನದ ವಿಷಯ ಅಪ್ಪನಿಗೆ ಗೊತ್ತಿತ್ತೆಂದೇ ಮಗನಿಗೆ ಗೊತ್ತಿರಲಿಲ್ಲ. ಅವುಗಳ ಎದುರೆಲ್ಲ ಗುರುತುಗಳಿದ್ದವು. ‘ತಿರುಗಿ ಬರಲಿ’ ಎಂದು ಬರೆದ ವರ್ಷವೇ ‘ಹಿರಿಯವನ ಬೆನ್ನುನೋವು’ ಎಂದೂ ಬರೆದಿದ್ದರು.

ನಾನು ಹೇಳಿದ್ದು ಇಷ್ಟು: ನಿಮ್ಮ ತಂದೆಗೆ ನಿಮ್ಮ ಬಗ್ಗೆ ನಿರಾಸೆ ಇತ್ತು, ನಿಮ್ಮ ಬೆನ್ನುನೋವಿನ ಚಿಂತೆಯೂ ಇತ್ತು. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಬೇಡಿ. ಆ ನಿರಾಸೆಯನ್ನು ಅವರು ನಿಮ್ಮ ತಲೆಗೆ ಕಟ್ಟದೆ ತಮ್ಮ ದೇವರ ಮುಂದೆ ಇಟ್ಟರು. ಅದು ಅವರದ್ದಾಗಿಯೇ ಇರಲಿ, ನೀವು ಈಗ ಹೋಗಿ ಎತ್ತಿಕೊಳ್ಳಬೇಕಾಗಿಲ್ಲ. ಜೊತೆಗೆ, ಅವರಿಗೊಂದು ಪತ್ರ ಬರೆಯಿರಿ, ಯಾರಿಗೂ ತೋರಿಸಬೇಡಿ, ನನಗೂ ಬೇಡ ಎಂದೆ. ಬರೆದರು. ಏನು ಬರೆದರೆಂದು ನಾನು ಕೇಳಲಿಲ್ಲ.

ಈ ನಡುವೆ ಆಪ್ತ ಸ್ನೇಹಿತರೊಬ್ಬರು ‘ಅಪ್ಪನನ್ನು ಬಿಟ್ಟು ಮುಂದೆ ಸಾಗು’ ಎಂದಿದ್ದರಂತೆ. ತೀರಿಕೊಂಡವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಮನೋವಿಶ್ಲೇಷಣೆಯನ್ನು ರೂಪಿಸಿದ ಫ್ರಾಯ್ಡ್ 1917ರಲ್ಲಿ ಬರೆದದ್ದು ನಿಜ. ಆದರೆ 1920ರಲ್ಲಿ ಮಗಳು ಸೋಫಿಯನ್ನು ಕಳೆದುಕೊಂಡ ಅದೇ ಫ್ರಾಯ್ಡ್, 1929ರಲ್ಲಿ ಮಗನನ್ನು ಕಳೆದುಕೊಂಡಿದ್ದ ಗೆಳೆಯನಿಗೆ ಪತ್ರ ಬರೆದು, ಆ ಜಾಗವನ್ನು ಬೇರೆ ಯಾವುದೂ ತುಂಬುವುದಿಲ್ಲ, ಹಾಗಿರುವುದೇ ಸರಿ ಎಂಬ ಅರ್ಥದ ಮಾತು ಹೇಳಿದ. ಸಿದ್ಧಾಂತಕ್ಕಿಂತ ಪತ್ರದ ಮೇಲೆ ನನಗೆ ಹೆಚ್ಚು ವಿಶ್ವಾಸ. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಸಂಶೋಧಕರು ತೀರಿಕೊಂಡವರೊಂದಿಗಿನ ನಂಟು ರೂಪ ಬದಲಿಸಿಕೊಂಡು ಮುಂದುವರಿಯುವುದು ಸಹಜ ಎಂದು ವಾದಿಸಿದ ಮೇಲೆ ಸಲಹೆಗಾರರೂ ‘ಬಿಟ್ಟುಬಿಡಿ’ ಎನ್ನುವುದನ್ನು ಬಹುಮಟ್ಟಿಗೆ ಕಡಿಮೆ ಮಾಡಿದರು.

ಹಾಗಾದರೆ ಮಾತು? ಮಗ ಬರೆದು ಹರಿದಿದ್ದ ಒಂದು ಕರಡನ್ನು ಮತ್ತೆ ಬರೆಸಿ ನೋಡಿದೆ. ದೇವರ ಹೆಸರು ಎಲ್ಲೂ ಇಲ್ಲ. ತಂದೆ ಅದರಲ್ಲಿ ಶಿಸ್ತಿನ ಮನುಷ್ಯ, ಸಮಾಜಸೇವಕ. ತಂಗಿಯ ಕರಡೂ ಬಂತು. ಅದರಲ್ಲಿ ಸತ್ಯವೇದದ ವಚನಗಳೇ ತುಂಬಿದ್ದವು, ತಂದೆ ಎಲ್ಲೂ ಕಾಣಲಿಲ್ಲ. ಎರಡರಲ್ಲೂ ಆ ಮನುಷ್ಯ ಕಳೆದುಹೋಗಿದ್ದರು. ದೇವರನ್ನು ತೆಗೆದುಹಾಕಿದರೆ ಅವರು ಐದು ಗಂಟೆಗೆ ಏಕೆ ಏಳುತ್ತಿದ್ದರು, ಆ ಲಕೋಟೆಯನ್ನು ಏಕೆ ಮುಟ್ಟಲಿಲ್ಲ ಎಂಬುದಕ್ಕೆ ಕಾರಣವೇ ಉಳಿಯುವುದಿಲ್ಲ. ಮಗನಿಗೆ ಹೇಳಿದೆ: ಅವರ ನಂಬಿಕೆಯನ್ನು ಪೂರ್ತಿಯಾಗಿ ಹೇಳಿ, ಅವರದ್ದೆಂದು ಹೇಳಿ. ‘ಅಪ್ಪ ನಂಬಿದ್ದರು, ಆದ್ದರಿಂದ ಹೀಗೆ ಮಾಡಿದರು’ ಎನ್ನಲು ನಿಮಗೆ ನಂಬಿಕೆ ಇರಬೇಕಾಗಿಲ್ಲ, ಅವರನ್ನು ಕಣ್ಣಾರೆ ಕಂಡಿದ್ದರೆ ಸಾಕು. ಗುಣವಾಚಕಗಳನ್ನು ಬಿಡಿ, ಅವರು ಮಾಡಿದ್ದನ್ನು ಹೇಳಿ. ಶುಲ್ಕದ ಪ್ರಸಂಗವನ್ನೂ ಸೇರಿಸಬಹುದು, ತಂಗಿ ಒಪ್ಪಿದರೆ ಮಾತ್ರ. ಅದು ಮೊದಲು ಆಕೆಯ ನೋವು.

ಕುಟುಂಬ ಪ್ರಾರ್ಥನೆಯ ವಿಷಯದಲ್ಲಿ ನನ್ನ ಸಲಹೆ ಖಚಿತವಾಗಿತ್ತು: ನಡೆಸಬೇಡಿ, ಆದರೆ ಹೊರಗೂ ಹೋಗಬೇಡಿ. ನಂಬದ ಮಾತುಗಳನ್ನು ದಿನವೂ ಆಡಿದರೆ ತಾಯಿಯ ಮೇಲೆ ಅಸಮಾಧಾನ ಬೆಳೆಯುತ್ತದೆ, ಒಂದು ದಿನ ಅದು ಕೆಟ್ಟ ರೀತಿಯಲ್ಲಿ ಹೊರಬೀಳುತ್ತದೆ. ಜೊತೆಗೆ ಕುಳಿತುಕೊಳ್ಳುವುದರಲ್ಲಿ ಯಾವ ನಟನೆಯೂ ಇಲ್ಲ. ಇದನ್ನು ತಾಯಿಗೆ ನೀವೇ ಹೇಳಬೇಕು, ತಂಗಿಯ ಮೂಲಕವಲ್ಲ, ಸ್ಮರಣಾರಾಧನೆಗೆ ಸಾಕಷ್ಟು ಮುಂಚೆಯೇ.

ತಾಯಿ ಒಮ್ಮೆ ಬಂದರು. ಅವರ ಕಷ್ಟ ಬೇರೆಯಿತ್ತು. ಒಂಬತ್ತು ತಿಂಗಳಲ್ಲಿ ಅವರು ಅತ್ತಿರಲಿಲ್ಲ. ‘ಅವರು ಕರ್ತನ ಬಳಿ ಇದ್ದಾರೆ, ಅತ್ತರೆ ಅವಿಶ್ವಾಸವಾಗುತ್ತದೆ’ ಎಂದರು. ಸತ್ಯವೇದದ ವಾಕ್ಯಕ್ಕೆ ಅರ್ಥ ಹೇಳುವುದು ನನ್ನ ಕೆಲಸವಲ್ಲ. ಅವರ ಅನುಮತಿ ಪಡೆದು ಅವರ ಚರ್ಚಿನ ಸಭಾಪಾಲಕರೊಂದಿಗೆ (ಪಾಸ್ಟರ್) ಮಾತನಾಡಿದೆ, ಪಾಲಕರು ತಾಯಿಯ ಮನೆಗೆ ಹೋದರು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ, ಅಂದರೆ ಪತ್ರದಲ್ಲಿ, ಅಪೊಸ್ತಲ ಪೌಲನು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದನೇ ಹೊರತು ದುಃಖಿಸಲೇಬೇಡಿ ಎನ್ನಲಿಲ್ಲ. ಸತ್ತ ಲಾಜರನನ್ನು ಬದುಕಿಸಿ ಎಬ್ಬಿಸಲಿದ್ದ ಯೇಸುವೇ ಅವನ ಸಮಾಧಿಗೆ ಹೋಗುವ ದಾರಿಯಲ್ಲಿ ಕಣ್ಣೀರಿಟ್ಟ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿ ಉಳಿದಿದೆ ಎಂದು ಅವರು ತಿಳಿಸಿ ಹೇಳಿದರಂತೆ. ‘ಗಂಡಸರು ಇರುವಾಗ ನಾನು ಹೇಗೆ ಪ್ರಾರ್ಥನೆ ನಡೆಸಲಿ’ ಎಂಬ ತಾಯಿಯ ಹಿಂಜರಿಕೆಗೂ ಉತ್ತರ ಕೊಟ್ಟರು: ತನ್ನ ಶಿಷ್ಯ ತಿಮೊಥೆಯನ ನಂಬಿಕೆ ಮೊದಲು ನೆಲೆಸಿದ್ದು ಅವನ ಅಜ್ಜಿಯಲ್ಲಿ ಮತ್ತು ತಾಯಿಯಲ್ಲಿ ಎಂದು ಬರೆದವನೂ ಪೌಲನೇ. ಈ ಮಾತುಗಳನ್ನು ನಾನು ಹೇಳಿದ್ದರೆ ತಾಯಿ ಸೌಜನ್ಯಕ್ಕೆ ತಲೆಯಾಡಿಸುತ್ತಿದ್ದರು, ಅಷ್ಟೇ. ಧರ್ಮದ ಗಂಟನ್ನು ಬಿಚ್ಚಲು ಆ ಧರ್ಮದೊಳಗಿನ ಒಳ್ಳೆಯ ಮನುಷ್ಯರನ್ನೇ ಕರೆಯಬೇಕು.

ಮಗ ತಾಯಿಗೆ ಹೇಳಿದ ರಾತ್ರಿ ಅವರು ಬಹಳ ಹೊತ್ತು ಅತ್ತರಂತೆ. ಗಂಡನಿಗಾಗಿಯೋ ಮಗನಿಗಾಗಿಯೋ ಎಂಬುದು ಮಗನಿಗೆ ಗೊತ್ತಾಗಲಿಲ್ಲ. ಎರಡಕ್ಕೂ ಇರಬಹುದು. ಈಗ ಪ್ರಾರ್ಥನೆಯನ್ನು ತಾಯಿ ನಡೆಸುತ್ತಾರೆ. ಮಗ ಪಕ್ಕದಲ್ಲಿ ಕಣ್ಣು ತೆರೆದುಕೊಂಡೇ ಕುಳಿತಿರುತ್ತಾರೆ. ಮೊಮ್ಮಕ್ಕಳು ಅದನ್ನು ಗಮನಿಸಿ ಪ್ರಶ್ನೆ ಕೇಳಲು ಶುರುಮಾಡಿದ್ದಾರೆ.

ಸ್ಮರಣಾರಾಧನೆಯಲ್ಲಿ ಮಗ ಮಾತನಾಡಿದರು. ಬೂಟುಗಳು, ಸೊಟ್ಟ ಜಡೆ, ಆಸ್ಪತ್ರೆಯಲ್ಲಿ ಓದಿದ ದಿನಪತ್ರಿಕೆ ಎಲ್ಲವೂ ಇದ್ದವು. ಟಿಪ್ಪಣಿ ಪುಸ್ತಕದ ಬಗ್ಗೆ ಹೇಳಿದರು, ಮೊದಲ ಪುಟದ ಬಗ್ಗೆ ಹೇಳಲಿಲ್ಲ. ಅದು ನಮ್ಮಿಬ್ಬರ ನಡುವಿನದು ಎಂದರು. ‘ನಮ್ಮಿಬ್ಬರ’ ಎಂದದ್ದು ತಂದೆಯನ್ನೂ ತಮ್ಮನ್ನೂ ಕುರಿತು. ಶುಲ್ಕದ ಪ್ರಸಂಗಕ್ಕೆ ತಂಗಿ ಒಪ್ಪಲಿಲ್ಲ, ಹಾಗಾಗಿ ಬಿಟ್ಟರು. ಆ ಲಕೋಟೆಯ ಬಗ್ಗೆ ಮಾತನಾಡಲು ಈಗ ತಂಗಿಯೇ ಬರುತ್ತೇನೆ ಎಂದು ಸಮಯ ಕೇಳಿದ್ದಾರೆ.