ಮುಂಗಡದ ಸಾಲ, ಬಿಡುಗಡೆ ಪತ್ರ: ಮಾನವ ಕಳ್ಳಸಾಗಣೆ ಕಾನೂನಿನ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಮತ್ತು ಅವರ ಇಬ್ಬರು ಮಕ್ಕಳು ಮೇಸ್ತ್ರಿಯಿಂದ 80 ಸಾವಿರ ಮುಂಗಡ ತಗೊಂಡು ಬೆಂಗಳೂರಿನ ಹತ್ತಿರದ ಇಟ್ಟಿಗೆ ಗೂಡಿಗೆ ಹೋದರು. ಎಂಟು ತಿಂಗಳಾದರೂ ಊರಿಗೆ ಬಿಡುತ್ತಿಲ್ಲ. ವಾರಕ್ಕೊಮ್ಮೆ ರೇಷನ್‌ಗೆಂದು ಚಿಲ್ಲರೆ ಕೊಡುತ್ತಾರೆ, ಉಳಿದದ್ದೆಲ್ಲ ಸಾಲಕ್ಕೆ ಜಮಾ ಅನ್ನುತ್ತಾರೆ. ಹೊಡೆದಿಲ್ಲ, ಕೂಡಿಹಾಕಿಯೂ ಇಲ್ಲ. ಠಾಣೆಯಲ್ಲಿ ಕೇಳಿದರೆ ‘ಸಾಲ ತೀರಿಸಿ ಕರ್ಕೊಂಡು ಹೋಗಿ’ ಅಂದರು. ಏನು ಮಾಡಲಿ?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. 1976ರ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಇಂಥ ಸಾಲವೇ ರದ್ದು. ರದ್ದಾದ ಸಾಲಕ್ಕೆಂದು ದುಡ್ಡು ವಸೂಲಿ ಮಾಡಿದವರಿಗೇ 9ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಬೀಗ, ಬಡಿಗೆ ಇದ್ದರೆ ಮಾತ್ರ ಜೀತ ಎಂಬ ತಪ್ಪು ಕಲ್ಪನೆ ಠಾಣೆಗಳಲ್ಲಿ ಇನ್ನೂ ಹೋಗಿಲ್ಲ. ಮುಂಗಡಕ್ಕೆ ಪ್ರತಿಯಾಗಿ ದುಡಿಯುವವರಿಗೆ ಕನಿಷ್ಠ ಕೂಲಿ ಸಿಗದಿದ್ದರೆ, ಅಥವಾ ಬೇರೆ ಕಡೆ ಕೆಲಸ ಹಿಡಿಯುವಂತಿಲ್ಲದಿದ್ದರೆ, ಅಥವಾ ಬೇಕೆಂದಾಗ ಊರಿಗೆ ಹೊರಡುವಂತಿಲ್ಲದಿದ್ದರೆ ಅದು ಜೀತವೇ. ಇವುಗಳಲ್ಲಿ ಒಂದಿದ್ದರೂ ಸಾಕು. ಅದು ಜೀತದ ಸಾಲ ಅಲ್ಲವೆಂದು ರುಜುವಾತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ (15ನೇ ಸೆಕ್ಷನ್).

ದೂರನ್ನು ಗೂಡು ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೂ ಉಪವಿಭಾಗಾಧಿಕಾರಿಗೂ (ಎಸಿ) ಬರಹದಲ್ಲಿ ಕೊಡಿ, ಪ್ರತಿಯನ್ನು ಎಸ್‌ಪಿಗೆ ಕಳಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗೂಡಿನ ಹೆಸರು ಗೊತ್ತಿಲ್ಲದಿದ್ದರೆ ಚಿಂತೆ ಬೇಡ. ಹಸಿ ಇಟ್ಟಿಗೆಯ ಮೇಲೆ ಅಚ್ಚಿನಲ್ಲಿ ಎರಡೋ ಮೂರೋ ಅಕ್ಷರ ಒತ್ತಿರುತ್ತಾರೆ, ಮಾಲೀಕನನ್ನು ಹಿಡಿಯಲು ಅದೇ ಸಾಕಾಗುತ್ತದೆ. ಅದರ ಫೋಟೊ, ವಾಟ್ಸಾಪ್ ಲೊಕೇಶನ್, ಮೇಸ್ತ್ರಿ ಫೋನ್‌ಪೇಯಲ್ಲಿ ಮುಂಗಡ ಹಾಕಿದ ದಾಖಲೆ, ಸಾವಿರ ಇಟ್ಟಿಗೆಗೆ ಎಷ್ಟು ದರ ಹೇಳಿದ್ದರು, ವಾರಕ್ಕೆ ಎಷ್ಟು ಕೊಟ್ಟರು, ಇಷ್ಟನ್ನು ಸೇರಿಸಿ. ಮಕ್ಕಳ ವಯಸ್ಸನ್ನು ತಪ್ಪದೆ ಬರೆಯಿರಿ. ದೂರು ಕೊಟ್ಟ ಸುದ್ದಿಯನ್ನು ಮಾತ್ರ ಗೂಡಿನಲ್ಲಿರುವವರಿಗೆ ಫೋನಿನಲ್ಲಿ ಹೇಳಬೇಡಿ. ಮಾಲೀಕನಿಗೆ ಸುಳಿವು ಸಿಕ್ಕರೆ ರಾತ್ರೋರಾತ್ರಿ ಇನ್ನೊಂದು ಗೂಡಿಗೆ ಸಾಗಿಸಿಬಿಡುತ್ತಾರೆ.

ಅಧಿಕಾರಿಗಳು ಸ್ಥಳಕ್ಕೆ ಹೋದ ಮೇಲೆ ಕೇಸು ಕೆಡುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಮಾಲೀಕನನ್ನು ಎದುರಿಗೇ ಕೂರಿಸಿಕೊಂಡು ಕಾರ್ಮಿಕರ ಹೇಳಿಕೆ ಪಡೆಯುತ್ತಾರೆ. ಅವರು ‘ಏನೂ ತೊಂದರೆ ಇಲ್ಲ ಸಾರ್’ ಅನ್ನುತ್ತಾರೆ. ವಿಷಯ ಕೂಲಿ ಬಾಕಿಯ ರಾಜಿಗೆ ಇಳಿಯುತ್ತದೆ, ಐದೋ ಹತ್ತೋ ಸಾವಿರ ಕೊಡಿಸಿ ಬಸ್ ಹತ್ತಿಸುತ್ತಾರೆ. ಮುಂದಿನ ಹಂಗಾಮಿಗೆ ಅದೇ ಮೇಸ್ತ್ರಿ ಹಳೇ ಬಾಕಿ ಹಿಡಿದು ಮನೆ ಮುಂದೆ ನಿಂತಿರುತ್ತಾನೆ. ಆದ್ದರಿಂದ ಹೇಳಿಕೆ ಗೂಡಿನಿಂದ ದೂರ, ತಾಲ್ಲೂಕು ಕಚೇರಿಯಲ್ಲಿ, ಒಬ್ಬೊಬ್ಬರದೇ ಆಗಬೇಕು ಎಂದು ದೂರಿನಲ್ಲೇ ಕೇಳಿ. ಬಸ್ ಹತ್ತುವ ಮುಂಚೆ ಬಿಡುಗಡೆ ಪ್ರಮಾಣಪತ್ರ (ಜೀತದಿಂದ ಬಿಡುಗಡೆಯಾದರೆಂದು ಅಧಿಕಾರಿಗಳು ಬರೆದುಕೊಡುವ ಪತ್ರ) ಕೈಗೆ ಬರಬೇಕು.

ಈ ಪತ್ರವಿಲ್ಲದೆ ಸರ್ಕಾರದ ಮಟ್ಟಿಗೆ ಅವರು ಜೀತದಲ್ಲಿ ಇರಲೇ ಇಲ್ಲ. ಪುನರ್ವಸತಿಯ ಕಡತ ಶುರುವಾಗುವುದೇ ಇದರಿಂದ. ಮನೆ ಯಜಮಾನನ ಹೆಸರಿಗೆ ಒಂದೇ ಪತ್ರ ಬರೆದುಕೊಟ್ಟರೆ ಒಪ್ಪಬೇಡಿ. ಮಣ್ಣು ಕಲಸಿದ ಚಿಕ್ಕಮ್ಮನಿಗೂ ಇಟ್ಟಿಗೆ ತಿರುವಿದ ಮಕ್ಕಳಿಗೂ ಪ್ರತ್ಯೇಕ ಪತ್ರ ಕೇಳಿ, ಏಕೆಂದರೆ ಪರಿಹಾರ ಸಿಗುವುದು ತಲೆ ಲೆಕ್ಕದಲ್ಲಿ. ಕೇಂದ್ರದ 2021ರ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದವರಿಗೆ ತಕ್ಷಣದ ನೆರವು 30,000 ರೂಪಾಯಿವರೆಗೆ. ಆಮೇಲಿನದು ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆಯಿಂದ ಪಾರಾದವರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರಿಗೆ 3 ಲಕ್ಷ. ತಕ್ಷಣದ ನೆರವಿಗೆ ಶಿಕ್ಷೆಯ ತೀರ್ಪು ಕಾಯಬೇಕಿಲ್ಲ. ‘ಫಂಡ್ ಬಂದಿಲ್ಲ’ ಎಂಬ ಉತ್ತರ ಬಂದರೆ, ಇದಕ್ಕೆಂದೇ ಜಿಲ್ಲಾಧಿಕಾರಿ ಬಳಿ ಕನಿಷ್ಠ 10 ಲಕ್ಷದ ನಿಧಿ ಇರಬೇಕೆಂದು ಯೋಜನೆಯೇ ಹೇಳುವುದನ್ನು ನೆನಪಿಸಿ. ಪತ್ರ ಕೊಡುವುದು ಗೂಡಿನ ಜಿಲ್ಲೆ, ಪುನರ್ವಸತಿ ನಡೆಯುವುದು ರಾಯಚೂರಿನಲ್ಲಿ. ಎರಡು ಕಚೇರಿಗಳ ನಡುವೆ ಕಡತ ಮಲಗಿಬಿಡುತ್ತದೆ, ಹಾಗಾಗಿ ಪತ್ರದ ನಕಲನ್ನು ನೀವೇ ರಾಯಚೂರು ಜಿಲ್ಲಾಧಿಕಾರಿ ಕಚೇರಿಗೆ ಮುಟ್ಟಿಸಿ.

ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ ಎಂದು ಓದಿ ನೋಡಿ. ಜೀತ ಕಾಯ್ದೆಯೊಂದೇ ಇದ್ದರೆ ಶಿಕ್ಷೆ ಹೆಚ್ಚೆಂದರೆ ಮೂರು ವರ್ಷ, ಜಾಮೀನು ಸುಲಭ. ದುಡಿಸಿಕೊಳ್ಳಲೆಂದೇ ಆಸೆ ತೋರಿಸಿ, ಮೋಸ ಮಾಡಿ ಕರೆದೊಯ್ದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ (ಮಾನವ ಕಳ್ಳಸಾಗಣೆ) ಸೇರಬೇಕು. ಒಬ್ಬರಿಗಿಂತ ಹೆಚ್ಚು ಜನರಾದರೆ ಅದರಲ್ಲಿ ಕನಿಷ್ಠ 10 ವರ್ಷ, ಒಂದಕ್ಕಿಂತ ಹೆಚ್ಚು ಮಕ್ಕಳಾದರೆ ಕನಿಷ್ಠ 14 ವರ್ಷ. ‘ಅವರೇ ಒಪ್ಪಿ ಬಂದರು’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಕುಟುಂಬ ಪರಿಶಿಷ್ಟ ಜಾತಿ ಅಥವಾ ಪಂಗಡದ್ದಾಗಿದ್ದು ದುಡಿಸಿಕೊಂಡವರು ಆ ಸಮುದಾಯದವರಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಕೂಡ ಸೇರುತ್ತದೆ, ಅದರ ಪರಿಹಾರ ಬೇರೆಯೇ.

ಪ್ರಶ್ನೆ: ಬ್ಯೂಟಿ ಪಾರ್ಲರ್ ಕೆಲಸವೆಂದು ಹೊರರಾಜ್ಯಕ್ಕೆ ಕರೆದೊಯ್ದಿದ್ದ ನನ್ನ ಮಗಳನ್ನು ಪೊಲೀಸರು ಲಾಡ್ಜಿನಿಂದ ಬಿಡಿಸಿದ್ದಾರೆ. ವಯಸ್ಸು 20. ಅಲ್ಲಿನ ಹೋಮ್‌ನಲ್ಲಿ ಇಟ್ಟಿದ್ದಾರೆ, ಕಳಿಸುತ್ತಿಲ್ಲ. ಕರೆದೊಯ್ದವನು ಸಿಕ್ಕಿಲ್ಲ.
– ತಾಯಿ, ಹುಬ್ಬಳ್ಳಿ

ಉತ್ತರ: ಅಮ್ಮಾ, 1956ರ ಅನೈತಿಕ ಸಾಗಣೆ (ತಡೆ) ಕಾಯ್ದೆಯ 17ನೇ ಸೆಕ್ಷನ್‌ನಂತೆ ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ಅಲ್ಲಿ ಇಟ್ಟಿರುತ್ತಾರೆ. ಹೋಮ್‌ನವರನ್ನು ಬೇಡಿಕೊಂಡು ಪ್ರಯೋಜನವಿಲ್ಲ, ಅರ್ಜಿ ಆ ಮ್ಯಾಜಿಸ್ಟ್ರೇಟರಿಗೇ ಹೋಗಬೇಕು. ಶಾಲೆಯ ಟಿಸಿ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ರೇಷನ್ ಕಾರ್ಡ್, ಆಧಾರ್ ಲಗತ್ತಿಸಿ. ಮಗಳು ವಯಸ್ಕಳು, ಹಾಗಾಗಿ ಮನೆಗೆ ಹೋಗುತ್ತೇನೆಂದು ಅವಳೇ ಬರೆದುಕೊಡುವುದು ನಿಮ್ಮ ಅರ್ಜಿಗಿಂತ ತೂಕದ್ದು. ಒಪ್ಪಿಗೆಯಿಲ್ಲದೆ ಹೋಮ್‌ಗಳಲ್ಲಿ ಇಟ್ಟಿರುವ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ ಕಾಲಮಿತಿಯಲ್ಲಿ ಬಿಡುಗಡೆಗೆ ಕ್ರಮ ಕೈಗೊಳ್ಳಿ ಎಂದು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ. ಮ್ಯಾಜಿಸ್ಟ್ರೇಟರು ನಿಮ್ಮ ಮನೆಯ ಪರಿಸ್ಥಿತಿ ವಿಚಾರಿಸಿ ವರದಿ ತರಿಸುವುದುಂಟು. ಬಂದವರ ಮುಂದೆ ಏನನ್ನೂ ಮುಚ್ಚಿಡಬೇಡಿ, ವರದಿ ಅನುಮಾನ ಹುಟ್ಟಿಸಿದರೆ ಬಿಡುಗಡೆ ತಡವಾಗುತ್ತದೆ.

ವಕೀಲರಿಗೆ ದುಡ್ಡು ಕೊಡಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಕಳ್ಳಸಾಗಣೆಗೆ ಸಿಕ್ಕವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿದೆ. ಅದರ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಆರೋಪಿ ಸಿಗದಿದ್ದರೂ ಪರಿಹಾರ ತಪ್ಪುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 396ನೇ ಸೆಕ್ಷನ್ ಅಡಿ ಕೇಸು ದಾಖಲಾದ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಎರಡು ತಿಂಗಳಲ್ಲಿ ಅವರು ವಿಚಾರಣೆ ಮುಗಿಸಬೇಕು. ಮಧ್ಯಂತರ ನೆರವನ್ನೂ ಅದೇ ಅರ್ಜಿಯಲ್ಲಿ ಕೇಳಿ, ಕೇಳದವರಿಗೆ ಅದು ಸಿಗುವುದು ಅಪರೂಪ. ಮುಂದೆ ಸಾಕ್ಷಿ ಹೇಳಲು ಅಷ್ಟು ದೂರ ಹೋಗಲು ಹೆದರಿದರೆ, ವಿಡಿಯೊ ಮೂಲಕ ಹೇಳಲು ಅವಕಾಶ ಕೋರಿ ಕೋರ್ಟಿಗೆ ಅರ್ಜಿ ಕೊಡಬಹುದು.

ಪ್ರಶ್ನೆ: ಇದಕ್ಕೆಲ್ಲ ಒಂದೇ ಕಾನೂನು ಬರುತ್ತದೆ ಎಂದಿದ್ದರಲ್ಲ, ಏನಾಯಿತು?
– ಕಾನೂನು ವಿದ್ಯಾರ್ಥಿ, ಮೈಸೂರು

ಉತ್ತರ: 2018ರ ಜುಲೈನಲ್ಲಿ ಲೋಕಸಭೆ ಮಾನವ ಕಳ್ಳಸಾಗಣೆ ತಡೆಯ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಅದು ಪಾಸಾಗಲಿಲ್ಲ, 2019ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. 2021ರಲ್ಲಿ ಹೊಸ ಕರಡು ಹೊರಟು ಸಾರ್ವಜನಿಕರ ಅಭಿಪ್ರಾಯ ಕೇಳಿದರು, ಅದೂ ಕಾಯ್ದೆಯಾಗಲಿಲ್ಲ. ಶಿಕ್ಷೆ ಒಂದು ಕಾಯ್ದೆಯಲ್ಲಿ, ಪುನರ್ವಸತಿ ಇನ್ನೊಂದು ಯೋಜನೆಯಲ್ಲಿ, ಪರಿಹಾರ ಮತ್ತೊಂದು ಕಚೇರಿಯಲ್ಲಿ ಇರುವುದು ಇದರಿಂದಲೇ. ಮೇಲಿನ ಎರಡು ಉತ್ತರಗಳು ಇಷ್ಟುದ್ದ ಆದದ್ದೂ ಅದಕ್ಕೇ.